ಎಸ್ಸವೀರಾ: ಮೊರೊಕ್ಕೋದ ಹಳೆಯ ಬಂದರಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸವೀರಾ ಎಲ್ಲಿದೆ? ಅಲ್ಲಿ ನೋಡುವುದೇನಿದೆ?

ಮೊರೊಕ್ಕೋದ ಅಟ್ಲಾಂಟಿಕ್ ದಡದಲ್ಲಿ, ಮರ್ರಾಕೆಶ್‌ನಿಂದ ಪಶ್ಚಿಮಕ್ಕೆ ಸುಮಾರು 180 ಕಿಲೋಮೀಟರ್ ದೂರದಲ್ಲಿದೆ. ಜನಸಂಖ್ಯೆ ಸುಮಾರು 80 ಸಾವಿರ. ಹಳೆಯ ನಕಾಶೆಗಳಲ್ಲೂ ಯುರೋಪಿನ ವರ್ತಕರ ಕಾಗದಪತ್ರಗಳಲ್ಲೂ ಇದರ ಹೆಸರು ಮೊಗಡೋರ್. ಗೋಡೆ ಸುತ್ತಿದ ಹಳೆಯ ಊರನ್ನು ಅಲ್ಲಿಯವರು ಮದೀನಾ ಎನ್ನುತ್ತಾರೆ. ಅದು 2001ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ದೊಡ್ಡ ಅರಮನೆ, ದೊಡ್ಡ ವಸ್ತುಸಂಗ್ರಹಾಲಯ ಹುಡುಕಿಕೊಂಡು ಹೋದರೆ ಇಲ್ಲಿ ಹೆಚ್ಚೇನೂ ಸಿಗದು. ನೋಡಬೇಕಾದದ್ದು ಊರನ್ನೇ. ವ್ಯಾಪಾರಕ್ಕೆಂದೇ ಒಬ್ಬ ಸುಲ್ತಾನ ನಕ್ಷೆ ಹಾಕಿಸಿ ಕಟ್ಟಿಸಿದ ಬಂದರು ಇದು. ಸುಂಕದ ಬಾಗಿಲು, ಫಿರಂಗಿಗಳಿರುವ ಕಡಲಗೋಡೆ, ವರ್ತಕರ ಮನೆಗಳು, ಯಹೂದಿಗಳ ಪ್ರಾರ್ಥನಾ ಮಂದಿರಗಳು, ಗುಲಾಮರಾಗಿ ಬಂದವರ ವಂಶಸ್ಥರ ಆರಾಧನಾ ಸ್ಥಳ, ಎಲ್ಲವೂ ಕಾಲ್ನಡಿಗೆಯ ಅಳತೆಯಲ್ಲಿವೆ. ಒಂದೊಂದನ್ನೂ ಬಂದರಿನ ಜೊತೆ ಜೋಡಿಸಿ ನೋಡಿ. ಆಗ ಊರು ಅರ್ಥವಾಗುತ್ತದೆ.

ಮರ್ರಾಕೆಶ್‌ನಿಂದ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬಂದರೆ ಸಾಲದೇ?

ಸಾಲದು. ಹೆಚ್ಚಿನ ಪ್ರವಾಸ ಕಂಪನಿಗಳು ಮಾರುವುದು ಇದನ್ನೇ, ಹೆಚ್ಚಿನವರು ಮಾಡುವುದೂ ಇದನ್ನೇ. ಹೋಗಿಬರಲು ಆರು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ಮಧ್ಯೆ ಅರ್ಗಾನ್ ಎಂಬ ಮರದ ಬೀಜದ ಎಣ್ಣೆ ಮಾರುವ ಅಂಗಡಿಯಲ್ಲೊಂದು ನಿಲುಗಡೆ, ಮರ ಹತ್ತಿದ ಮೇಕೆಗಳ ಫೋಟೊಗೆ ಇನ್ನೊಂದು. ಊರು ತಲುಪಿದಾಗ ಮಧ್ಯಾಹ್ನ. ಆ ಹೊತ್ತಿಗೆ ಮರ್ರಾಕೆಶ್‌ನ ಉಳಿದ ಬಸ್ಸುಗಳೂ ಬಂದಿರುತ್ತವೆ, ಕಡಲಗೋಡೆಯ ಮೇಲೆ ಸಾಲುಗಟ್ಟಿ ನಿಲ್ಲಬೇಕಾಗುತ್ತದೆ.

ಕನಿಷ್ಠ ಎರಡು ರಾತ್ರಿ ಉಳಿಯಿರಿ. ಮೂರಾದರೆ ಇನ್ನೂ ಒಳ್ಳೆಯದು. ಬಸ್ಸುಗಳು ಹೊರಟುಹೋದ ಮೇಲಿನ ಸಂಜೆ, ದೋಣಿಗಳು ಮೀನು ಇಳಿಸುವ ಹೊತ್ತು, ಅಂಗಡಿಗಳು ಬಾಗಿಲು ತೆರೆಯುವ ಮೊದಲಿನ ಬೆಳಗು, ಈ ಮೂರರಲ್ಲಿ ಯಾವುದೂ ಒಂದು ದಿನದ ಪ್ರವಾಸಿಗೆ ಸಿಗುವುದಿಲ್ಲ. ದಿನ ಕಡಿಮೆ ಇದ್ದರೆ ಬೇರೆ ಊರೊಂದನ್ನು ಕೈಬಿಡಿ ಎಂಬುದೇ ನನ್ನ ಸಲಹೆ.

ಇದು ಪೋರ್ಚುಗೀಸರು ಕಟ್ಟಿದ ಊರು ಎನ್ನುತ್ತಾರಲ್ಲ?

ಅನೇಕ ಗೈಡ್‌ಗಳು ಹಾಗೆಯೇ ಹೇಳುತ್ತಾರೆ, ಆದರೆ ನಿಜವಲ್ಲ. ಪೋರ್ಚುಗಲ್ಲಿನ ದೊರೆ ಮೊದಲನೇ ಮನುವೆಲ್ 1506ರಲ್ಲಿ ಇಲ್ಲೊಂದು ಕೋಟೆ ಕಟ್ಟಿಸಿದ್ದು ಹೌದು. ಸುತ್ತಲಿನ ಬುಡಕಟ್ಟುಗಳು ಬಿಡಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಅವರ ಕೈತಪ್ಪಿತು. ನಮ್ಮ ಕರಾವಳಿಯವರಿಗೆ ಈ ಕಾಲ ಅಪರಿಚಿತವಲ್ಲ. ಅದೇ ಮನುವೆಲ್ ದೊರೆಯ ವೈಸ್‌ರಾಯ್ ಅಲ್ಮೇಡಾ 1505ರಲ್ಲಿ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಲು ತೊಡಗಿದ್ದ. ಮರುವರ್ಷ ಪೋರ್ಚುಗೀಸರೇ ಅದನ್ನು ಕೆಡವಿ ಹೊರಟರು. ಒಂದೇ ದೊರೆಯ ಎರಡು ಕೋಟೆಗಳು, ಎರಡು ಸಾಗರಗಳಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ. ಎರಡೂ ಬಾಳಲಿಲ್ಲ.

ಈಗ ನೀವು ನಡೆದಾಡುವ ಊರು ಅದಾಗಿ ಎರಡೂವರೆ ಶತಮಾನದ ಮೇಲಿನದು. ಅಲವಿ ವಂಶದ ಸುಲ್ತಾನ ಸೀದಿ ಮೊಹಮ್ಮದ್ ಬೆನ್ ಅಬ್ದಲ್ಲಾ 1760ರ ದಶಕದಲ್ಲಿ ಇದನ್ನು ಕಟ್ಟಿಸಿದ. ದಕ್ಷಿಣದ ಅಗಾದಿರ್ ಬಂದರು ಅವನ ಹಿಡಿತಕ್ಕೆ ಸರಿಯಾಗಿ ಸಿಗುತ್ತಿರಲಿಲ್ಲ. ಅಲ್ಲಿನ ವ್ಯಾಪಾರದಿಂದ ಸೂಸ್ ಪ್ರಾಂತ್ಯದ ಬಂಡುಕೋರರು ಬಲಿಯುತ್ತಿದ್ದರು. ಆ ಬಂದರನ್ನು ಮುಚ್ಚಿಸಿ, ಹೊರದೇಶಗಳ ವ್ಯಾಪಾರವೆಲ್ಲ ತನ್ನ ಕಣ್ಣಳತೆಯ ಒಂದೇ ಬಾಗಿಲಿನಿಂದ ಸಾಗಲಿ, ಸುಂಕ ನೇರ ಖಜಾನೆಗೆ ಬರಲಿ ಎಂಬುದು ಅವನ ಲೆಕ್ಕಾಚಾರ. ಫ್ರಾನ್ಸಿನ ಎಂಜಿನಿಯರ್ ತಿಯೋಡೋರ್ ಕೋರ್ನೂ ಎಂಬಾತನನ್ನು ಕೆಲಸಕ್ಕಿಟ್ಟುಕೊಂಡ. ಹಾಗಾಗಿಯೇ ಫೆಸ್ ಅಥವಾ ಮರ್ರಾಕೆಶ್‌ನ ಸುತ್ತುಗಲ್ಲಿಗಳಿಗೆ ಬದಲಾಗಿ ಇಲ್ಲಿ ನೇರ ಬೀದಿಗಳಿವೆ, ಕಡಲ ಕಡೆಗೆ ಯುರೋಪ್ ಮಾದರಿಯ ಫಿರಂಗಿ ಕಟ್ಟೆಗಳಿವೆ. ಬಂದರಿನ ಬಾಗಿಲ ಮೇಲೆ ಕೆತ್ತಿರುವ ವರ್ಷ ಹಿಜರಿ 1184, ಅಂದರೆ 1770ರ ಸುಮಾರು.

ನಂತರದ ನೂರು ವರ್ಷ ಮೊರೊಕ್ಕೋದ ಮುಖ್ಯ ಬಂದರು ಇದೇ ಆಗಿತ್ತು. ಸಹಾರಾ ಆಚೆಯ ಟಿಂಬಕ್ಟು ಕಡೆಯಿಂದ ಒಂಟೆ ಸಾಲುಗಳು ಚಿನ್ನದ ಪುಡಿ, ಉಷ್ಟ್ರಪಕ್ಷಿಯ ಗರಿ, ಗೋಂದು ಹೊತ್ತು ತಂದವು. ಅವುಗಳ ಜೊತೆಗೇ ಗುಲಾಮರನ್ನೂ ನಡೆಸಿಕೊಂಡು ಬಂದರು. ಹಡಗುಗಳು ಬಾದಾಮಿ, ಆಡಿನ ಚರ್ಮ, ಜೇನುಮೇಣ ತುಂಬಿಕೊಂಡು ಹೋಗಿ ಮ್ಯಾಂಚೆಸ್ಟರ್ ಬಟ್ಟೆಯನ್ನೂ ಚೀನಾದ ಹಸಿರು ಚಹಾವನ್ನೂ ತಂದವು. ಇವತ್ತು ಮೊರೊಕ್ಕೋದ ಮನೆಮನೆಯಲ್ಲೂ ಕುದಿಯುವ ಪುದೀನ ಚಹಾದ ಎಲೆ ದೇಶದೊಳಕ್ಕೆ ಬರುತ್ತಿದ್ದ ದೊಡ್ಡ ದಾರಿಗಳಲ್ಲಿ ಈ ಬಂದರೂ ಒಂದು. 1844ರ ಆಗಸ್ಟ್‌ನಲ್ಲಿ ಫ್ರೆಂಚ್ ನೌಕಾಪಡೆ ಊರಿನ ಮೇಲೆ ಗುಂಡಿನ ಮಳೆ ಸುರಿಸಿತು. ಅಲ್ಜೀರಿಯಾದಲ್ಲಿ ಫ್ರೆಂಚರ ವಿರುದ್ಧ ಹೋರಾಡುತ್ತಿದ್ದ ಅಬ್ದುಲ್ ಕಾದಿರ್‌ಗೆ ಮೊರೊಕ್ಕೋ ಬೆಂಬಲ ಕೊಟ್ಟಿದ್ದೇ ಅದಕ್ಕೆ ಕಾರಣ. ಊರು ಅದರಿಂದ ಚೇತರಿಸಿಕೊಂಡಿತು. ಚೇತರಿಸಿಕೊಳ್ಳಲಾಗದಂತೆ ಮಾಡಿದ್ದು 1912ರ ನಂತರದ ಫ್ರೆಂಚ್ ಆಡಳಿತ. ಅವರು ಕಾಸಾಬ್ಲಾಂಕಾದಲ್ಲಿ ದೊಡ್ಡ ಆಧುನಿಕ ಬಂದರು ಕಟ್ಟಿದರು, ಹಡಗುಗಳು ಅಲ್ಲಿಗೆ ಹೋದವು. ಹಣ ಹೋದದ್ದರಿಂದ ಹಳೆಯದನ್ನು ಕೆಡವಿ ಹೊಸದು ಕಟ್ಟುವವರೂ ಇಲ್ಲವಾದರು. ಹಳೆಯ ಊರು ಇಷ್ಟು ಇಡಿಯಾಗಿ ಉಳಿದುಬಂದದ್ದರಲ್ಲಿ ಆ ಬಡತನದ ಪಾಲೂ ಇದೆ.

ಭಾರತದಿಂದ ಹೋಗುವುದು ಹೇಗೆ? ವೀಸಾ ಬೇಕೇ?

ಭಾರತೀಯ ಪಾಸ್‌ಪೋರ್ಟ್ ಇದ್ದರೆ ವೀಸಾ ಬೇಕು. ಮೊರೊಕ್ಕೋ ಸರ್ಕಾರದ ಇ-ವೀಸಾ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ನಿಯಮ, ಶುಲ್ಕ ಬದಲಾಗುತ್ತಿರುವುದರಿಂದ ಟಿಕೆಟ್ ಮಾಡುವ ಮೊದಲು ಅಲ್ಲೇ ಓದಿ ಖಚಿತಪಡಿಸಿಕೊಳ್ಳಿ. ಬೆಂಗಳೂರಿನಿಂದ ಹೊರಡುವವರಿಗೆ ಸಾಮಾನ್ಯ ದಾರಿ ದುಬೈ, ಅಬುಧಾಬಿ ಅಥವಾ ದೋಹಾ ಮೂಲಕ ಕಾಸಾಬ್ಲಾಂಕಾ. ಅಲ್ಲಿಂದ ಮರ್ರಾಕೆಶ್‌ಗೆ ರೈಲಿದೆ. ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಕೆಲಸ ಸುಲಭ: ಎಸ್ಸವೀರಾಕ್ಕೇ ಒಂದು ಸಣ್ಣ ವಿಮಾನ ನಿಲ್ದಾಣವಿದೆ, ಯುರೋಪಿನ ಕೆಲವು ಊರುಗಳಿಂದ ಕಡಿಮೆ ದರದ ವಿಮಾನಗಳು ಅಲ್ಲಿಗೆ ಬರುತ್ತವೆ.

ಮರ್ರಾಕೆಶ್‌ನಿಂದ ಬಸ್ಸೋ ಟ್ಯಾಕ್ಸಿಯೋ?

ಬಸ್ಸು. ಎಸ್ಸವೀರಾಕ್ಕೆ ರೈಲು ಹಳಿ ಇಲ್ಲ. ಸುಪ್ರಾತೂರ್ ಮತ್ತು ಸಿಟಿಎಂ ಎಂಬ ಎರಡು ಕಂಪನಿಗಳ ಬಸ್ಸುಗಳು ಚೊಕ್ಕಟವಾಗಿವೆ, ಹೊತ್ತಿಗೆ ಸರಿಯಾಗಿ ಹೊರಡುತ್ತವೆ. ಸುಮಾರು ಮೂರು ಗಂಟೆಯ ಪ್ರಯಾಣ. ಸುಪ್ರಾತೂರ್ ಬಸ್ಸು ಮರ್ರಾಕೆಶ್ ರೈಲು ನಿಲ್ದಾಣದ ಪಕ್ಕದಿಂದಲೇ ಹೊರಡುವುದರಿಂದ ರೈಲಿಳಿದು ಬರುವವರಿಗೆ ಅನುಕೂಲ. ಒಂದು ದಿನ ಮೊದಲೇ ಟಿಕೆಟ್ ತೆಗೆದುಕೊಳ್ಳಿ. ಆರು ಜನ ಕೂರುವ ಹಂಚಿಕೆಯ ಗ್ರಾಂಡ್ ಟ್ಯಾಕ್ಸಿಯೂ ಸಿಗುತ್ತದೆ. ಸಾಮಾನು ಹೆಚ್ಚಿದ್ದರೆ ಅದು ಹಿಂಸೆ.

ಯಾವ ತಿಂಗಳು ಒಳ್ಳೆಯದು? ಗಾಳಿ ಅಷ್ಟು ಜೋರೇ?

ಜೋರು. ಬೇಸಿಗೆಯಲ್ಲಿ ವಾಣಿಜ್ಯ ಮಾರುತಗಳು ಉತ್ತರದ ಕಡೆಯಿಂದ ದಿನಗಟ್ಟಲೆ ಬಿಡದೆ ಬೀಸುತ್ತವೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ನಂತರ ಕಡಲ ದಂಡೆಯಲ್ಲಿ ಕೂತರೆ ಮರಳು ಮುಖಕ್ಕೆ ರಾಚುತ್ತದೆ. ಆದರೆ ಈ ಗಾಳಿಯೇ ಊರಿನ ಭಾಗ್ಯ ಕೂಡ. ಜುಲೈನಲ್ಲಿ ಮರ್ರಾಕೆಶ್ 40 ಡಿಗ್ರಿ ಮುಟ್ಟುವಾಗ ಇಲ್ಲಿ 22-24ರ ಆಸುಪಾಸು ಇರುತ್ತದೆ. ಮೊರೊಕ್ಕೋದವರೇ ಬೇಸಿಗೆ ರಜೆಗೆ ಇಲ್ಲಿಗೆ ಓಡಿಬರುವುದು ಅದಕ್ಕೇ.

ನಡೆದಾಡಿ ಊರು ನೋಡುವ ಮನಸ್ಸಿದ್ದರೆ ಅಕ್ಟೋಬರ್, ನವೆಂಬರ್, ಇಲ್ಲವೇ ಮಾರ್ಚ್. ಗಾಳಿ ಕಡಿಮೆ, ಜನ ಕಡಿಮೆ. ಡಿಸೆಂಬರ್-ಜನವರಿಯಲ್ಲಿ ಹಗಲು ಹಿತವಾಗಿರುತ್ತದೆ, ಆಗಾಗ ಮಳೆ ಬರುತ್ತದೆ. ಹಳೆಯ ಮನೆಗಳ ಕೋಣೆಗಳಲ್ಲಿ ರಾತ್ರಿ ಮಾತ್ರ ಚಳಿ ಮೂಳೆಗಿಳಿಯುತ್ತದೆ. ದಪ್ಪ ಗೋಡೆ, ಕಡಲ ತೇವ, ಹೀಟರ್ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಕೋಣೆ ಗೊತ್ತುಮಾಡುವಾಗ ಕೇಳಿಬಿಡಿ. ವರ್ಷದ ಯಾವ ತಿಂಗಳಾದರೂ ಗಾಳಿ ತಡೆಯುವ ಜಾಕೆಟ್ ಒಂದು ಚೀಲದಲ್ಲಿರಲಿ.

ಮದೀನಾದ ಒಳಗೇ ಉಳಿಯಬೇಕೇ? ಸಾಮಾನು ಹೊರುವವರು ಯಾರು?

ಒಳಗೇ ಉಳಿಯಿರಿ. ಹಳೆಯ ವರ್ತಕರ ಮನೆಗಳಲ್ಲಿ ಅನೇಕವು ಈಗ ರಿಯಾದ್ ಎಂಬ ವಸತಿಗೃಹಗಳಾಗಿವೆ: ನಡುವೆ ತೆರೆದ ಅಂಗಳ, ಸುತ್ತ ಕೋಣೆಗಳು, ಮೇಲೆ ತಾರಸಿ. ಮೆಟ್ಟಿಲುಗಳು ಕಡಿದು, ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಕೆಳಗಿನ ಕೋಣೆಯನ್ನೇ ಕೇಳಿ. ಮದೀನಾ ಒಳಕ್ಕೆ ಕಾರು ಬರುವುದಿಲ್ಲ. ಬಾಗಿಲ ಬಳಿ ತಳ್ಳುಗಾಡಿಯವರು ನಿಂತಿರುತ್ತಾರೆ. ಗಾಡಿಗೆ ಅಲ್ಲಿ ಕರ್ರೋಸಾ ಎನ್ನುತ್ತಾರೆ. ಹೊರಡುವ ಮೊದಲೇ ದರ ಮಾತಾಡಿಕೊಳ್ಳಿ, ವಸತಿಗೃಹಕ್ಕೆ ಫೋನ್ ಮಾಡಿ ಸರಿಯಾದ ದರ ಕೇಳುವುದು ಇನ್ನೂ ಒಳ್ಳೆಯದು. ಅವರದು ಕಷ್ಟದ ದುಡಿಮೆ, ಹತ್ತು ದಿರ್ಹಮ್‌ಗಾಗಿ ಎಳೆದಾಡಬೇಡಿ.

ದಾರಿ ತಪ್ಪುವ ಭಯವಿದೆಯೇ? ಗೈಡ್ ಬೇಕೇ?

ದಾರಿಗಾಗಿ ಬೇಡ. ಉತ್ತರದ ಬಾಬ್ ದುಕ್ಕಾಲಾ ಬಾಗಿಲಿನಿಂದ ಬಂದರಿನ ದಿಕ್ಕಿಗೆ ಒಂದು ನೇರ ಹೆದ್ದಾರಿಯಂಥ ಬೀದಿ ಇಡೀ ಊರನ್ನು ಸೀಳಿಕೊಂಡು ಹೋಗುತ್ತದೆ. ಅದರ ಮಧ್ಯಭಾಗದಲ್ಲಿ ಸೂಕ್ ಜ್ದೀದ್ ಪೇಟೆ: ಮೀನಿನ ಮಾರುಕಟ್ಟೆ, ಧಾನ್ಯದ ಅಂಗಳ, ಮಸಾಲೆಯ ಸಾಲು. ದಕ್ಷಿಣದ ತುದಿಯಲ್ಲಿ ಮುಲಾಯ್ ಹಸನ್ ಚೌಕ, ಅದನ್ನು ದಾಟಿದರೆ ಬಂದರು. ಬೀದಿ ಬಿಟ್ಟು ಅಡ್ಡಗಲ್ಲಿಗಳಿಗೆ ನುಗ್ಗಿದರೂ ಐದು ನಿಮಿಷದಲ್ಲಿ ಗೋಡೆಯೋ ಕಡಲೋ ಅಡ್ಡ ಬಂದು ದಿಕ್ಕು ತಿಳಿಸುತ್ತದೆ.

ಇತಿಹಾಸಕ್ಕಾಗಿ ಅರ್ಧ ದಿನ ಪರವಾನಗಿ ಇರುವ ಗೈಡ್ ಇಟ್ಟುಕೊಳ್ಳುವುದು ಒಳ್ಳೆಯ ಖರ್ಚು. ಮನೆಗಳ ಕಲ್ಲಿನ ಬಾಗಿಲ ಚೌಕಟ್ಟುಗಳನ್ನು ತೋರಿಸಲು ಹೇಳಿ. ಎಲ್ಲೋ ದಾವೀದನ ಆರು ಮೂಲೆಯ ನಕ್ಷತ್ರ, ಎಲ್ಲೋ ಹಿಜರಿ ವರ್ಷ, ಎಲ್ಲೋ ಹೂವು. ಯಾರ ಮನೆ ಯಾವುದಾಗಿತ್ತು ಎಂಬುದನ್ನು ಆ ಕಲ್ಲುಗಳೇ ಇನ್ನೂ ಹೇಳುತ್ತಿವೆ.

ಕಡಲಗೋಡೆ ಎರಡಿವೆಯಂತೆ. ಯಾವುದಕ್ಕೆ ಹೋಗಬೇಕು?

ಎರಡಕ್ಕೂ, ಬೇರೆಬೇರೆ ಹೊತ್ತಿನಲ್ಲಿ. ಸ್ಕಾಲಾ ಎಂದರೆ ಫಿರಂಗಿ ಕಟ್ಟೆ. ಊರಿನ ಸ್ಕಾಲಾ ಪಶ್ಚಿಮಕ್ಕೆ, ತೆರೆದ ಸಾಗರಕ್ಕೆ ಮುಖ ಮಾಡಿ ಉದ್ದಕ್ಕೆ ಹಬ್ಬಿದೆ. ಗೋಡೆಯ ಕಂಡಿ ಕಂಡಿಗೂ ಯುರೋಪಿನಲ್ಲಿ ಎರಕ ಹೊಯ್ದ ಹಳೆಯ ಕಂಚಿನ ಫಿರಂಗಿಗಳಿವೆ. ಸೂರ್ಯ ಮುಳುಗುವುದನ್ನು ನೋಡಲು ಎಲ್ಲರೂ ಅಲ್ಲಿಗೆ ಬರುತ್ತಾರೆ, ಬರಬೇಕಾದದ್ದೇ. ಬಂದರಿನ ಸ್ಕಾಲಾಗೆ ಸಣ್ಣ ಪ್ರವೇಶ ಶುಲ್ಕವಿದೆ. ಅದಕ್ಕೆ ಬೆಳಿಗ್ಗೆ ಹೋಗಿ. ಅದರ ಗೋಪುರದಿಂದ ಊರು, ಗೋಡೆ, ಬಂಡೆಗಳಿಗೆ ಅಪ್ಪಳಿಸುವ ಅಲೆ, ಕೆಳಗಿನ ಮೀನುದೋಣಿಗಳು, ಎದುರಿನ ದ್ವೀಪ ಒಟ್ಟಿಗೆ ಕಾಣುತ್ತವೆ. ಸುಲ್ತಾನ ಈ ಜಾಗವನ್ನೇ ಯಾಕೆ ಆರಿಸಿದ ಎಂಬುದಕ್ಕೆ ಅಲ್ಲಿ ನಿಂತರೆ ಉತ್ತರ ಸಿಗುತ್ತದೆ: ದ್ವೀಪ ಅಲೆಯನ್ನು ಒಡೆಯುತ್ತದೆ, ಅದರ ಮರೆಯಲ್ಲಿ ಹಡಗು ತಂಗಬಹುದು.

ಬಂದರಿನೊಳಕ್ಕೆ ಬಿಡುತ್ತಾರೆಯೇ?

ಬಿಡುತ್ತಾರೆ. ಅದು ಈಗಲೂ ದುಡಿಯುವ ಬಂದರು. ನೀಲಿ ಬಣ್ಣದ ಸಣ್ಣ ದೋಣಿಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ, ದೊಡ್ಡ ದೋಣಿಗಳಿಂದ ಬೂತಾಯಿ ಬುಟ್ಟಿಗಳು ಕೈಯಿಂದ ಕೈಗೆ ಇಳಿಯುತ್ತವೆ, ತಲೆಯ ಮೇಲೆ ಕಡಲಹಕ್ಕಿಗಳ ಗದ್ದಲ. ಮರದ ದೊಡ್ಡ ದೋಣಿಗಳನ್ನು ಇಲ್ಲೇ ದಡದಲ್ಲಿ ಕಟ್ಟುತ್ತಾರೆ. ಪಕ್ಕೆಲುಬಿನಂತೆ ನಿಂತ ಅರೆಕಟ್ಟಿದ ಒಡಲುಗಳನ್ನು ಹತ್ತಿರದಿಂದ ನೋಡಬಹುದು. ಮಲ್ಪೆ, ತದಡಿಯಂಥ ಕಡೆ ಬೆಳೆದವರಿಗೆ ಹೇಳಿಕೊಡಬೇಕಾದದ್ದಿಲ್ಲ: ಹಗ್ಗ ದಾಟುವಾಗ ಜೋಪಾನ, ಕೆಲಸದ ದಾರಿಗೆ ಅಡ್ಡ ನಿಲ್ಲಬೇಡಿ, ಮುಖ ಕಾಣುವಂತೆ ಫೋಟೊ ತೆಗೆಯುವ ಮುನ್ನ ಕೇಳಿ.

ಎದುರಿನ ದ್ವೀಪಕ್ಕೆ ದೋಣಿಯಲ್ಲಿ ಹೋಗಬಹುದೇ?

ಸುತ್ತು ಹಾಕಿಸುವ ದೋಣಿಗಳು ಬಂದರಿನಲ್ಲಿ ಸಿಗುತ್ತವೆ. ಇಳಿಯಬೇಕಾದರೆ ಅನುಮತಿ ಬೇಕು. ಹಕ್ಕಿಗಳು ಮರಿ ಮಾಡುವ ಕಾಲದಲ್ಲಿ ಯಾರನ್ನೂ ಇಳಿಸುವುದಿಲ್ಲ. ಈ ನಿರ್ಬಂಧವನ್ನು ದಯವಿಟ್ಟು ಗೌರವಿಸಿ. ಎಲಿಯನೋರಾ ಚಾಣ ಎಂಬ ಬೇಟೆಹಕ್ಕಿ ಇಲ್ಲಿ ಗೂಡು ಕಟ್ಟುತ್ತದೆ. ಬೇರೆ ಹಕ್ಕಿಗಳು ವಸಂತದಲ್ಲಿ ಮರಿ ಮಾಡಿದರೆ ಇದು ಬೇಸಿಗೆಯ ಕೊನೆಗೆ ಕಾಯುತ್ತದೆ. ಯುರೋಪಿನಿಂದ ಆಫ್ರಿಕಕ್ಕೆ ವಲಸೆ ಹೊರಟ ಸಣ್ಣ ಹಕ್ಕಿಗಳು ಆಗ ಈ ದಡದ ಮೇಲೆ ಹಾದುಹೋಗುತ್ತವೆ, ಮರಿಗಳಿಗೆ ಅದೇ ಆಹಾರ. ಶರತ್ಕಾಲದಲ್ಲಿ ಇಡೀ ಬಳಗ ಮಡಗಾಸ್ಕರ್‌ಗೆ ಹಾರುತ್ತದೆ. ದ್ವೀಪಕ್ಕೆ ಹೋಗದೆಯೂ ಇವನ್ನು ನೋಡಬಹುದು: ಬೇಸಿಗೆಯ ಸಂಜೆ ಊರಿನ ದಕ್ಷಿಣಕ್ಕೆ ಕ್ಸೋಬ್ ಹೊಳೆಯ ಅಳಿವೆಯ ಬಳಿ ದುರ್ಬೀನು ಹಿಡಿದು ಕಾಯಿರಿ, ಹುಳ ಹಿಡಿಯಲು ಬರುತ್ತವೆ.

ಊರಿಗಿಂತ ದ್ವೀಪದ ಚರಿತ್ರೆ ಬಹಳ ಹಳೆಯದು. ಕ್ರಿಸ್ತಪೂರ್ವ 7ನೇ ಶತಮಾನದ ಫಿನೀಷಿಯನ್ ವರ್ತಕರ ಕುರುಹುಗಳು ಅಲ್ಲಿ ಸಿಕ್ಕಿವೆ. ರೋಮಿನ ಅಧೀನದಲ್ಲಿದ್ದ ದೊರೆ ಎರಡನೇ ಜುಬಾ ಇಲ್ಲಿನ ಮ್ಯೂರೆಕ್ಸ್ ಎಂಬ ಕಡಲಬಸವನ ಹುಳುವಿನಿಂದ ನೇರಳೆ ಬಣ್ಣ ತೆಗೆಯುವ ಉದ್ಯಮ ನಡೆಸಿದ. ಅದಕ್ಕೇ ಇವಕ್ಕೆ ನೇರಳೆ ದ್ವೀಪಗಳೆಂಬ ಹೆಸರು. ಬಹಳ ಕಾಲದ ಮೇಲೆ ಇದೇ ದ್ವೀಪ ಸೆರೆಮನೆಯಾಯಿತು, ಮೆಕ್ಕಾದಿಂದ ಮರಳುವ ಯಾತ್ರಿಕರನ್ನು ರೋಗಭಯದಿಂದ ಕೂಡಿಡುವ ತಾಣವೂ ಆಯಿತು.

ಮೆಲ್ಲಾ ಎಂದರೇನು? ಅಲ್ಲಿ ಈಗ ಏನು ಉಳಿದಿದೆ?

ಮೆಲ್ಲಾ ಎಂದರೆ ಯಹೂದಿಗಳ ಕೇರಿ. ಈ ಊರನ್ನು ಅರಿಯಬೇಕಾದರೆ ಇದನ್ನು ಬಿಡುವಂತಿಲ್ಲ. ಸುಲ್ತಾನ ಊರು ಕಟ್ಟಿಸಿದಾಗಲೇ ದೇಶದ ಹಲವು ಕಡೆಗಳಿಂದ ಯಹೂದಿ ವರ್ತಕ ಮನೆತನಗಳನ್ನು ಕರೆಸಿ, ಮನೆ ಕೊಟ್ಟು, ವ್ಯಾಪಾರಕ್ಕೆ ಖಜಾನೆಯಿಂದ ಸಾಲ ಕೊಟ್ಟ. ಅವರನ್ನು ಸುಲ್ತಾನನ ವರ್ತಕರು ಎನ್ನುತ್ತಿದ್ದರು. ಶ್ರೀಮಂತರು ಕಸ್ಬಾದಲ್ಲಿ, ಅಂದರೆ ಊರಿನ ಆಡಳಿತದ ಕೋಟೆಭಾಗದಲ್ಲಿ, ಮುಸ್ಲಿಂ ಅಧಿಕಾರಿಗಳ, ಯುರೋಪಿನ ವಾಣಿಜ್ಯ ಪ್ರತಿನಿಧಿಗಳ ನೆರೆಯಲ್ಲಿದ್ದರು. ಬಡವರಿಗೆ 19ನೇ ಶತಮಾನದ ಆರಂಭದಲ್ಲಿ ಊರಿನ ಉತ್ತರದ ಮೂಲೆಯಲ್ಲಿ ಮೆಲ್ಲಾ ಆಯಿತು. ಊರಿನ ಜನಸಂಖ್ಯೆಯ ದೊಡ್ಡ ಪಾಲು ಯಹೂದಿಗಳೇ ಆಗಿದ್ದ ಕಾಲವಿತ್ತು. 1948ರ ನಂತರ ಒಂದೊಂದೇ ಕುಟುಂಬ ಇಸ್ರೇಲ್, ಫ್ರಾನ್ಸ್, ಕೆನಡಾಗಳಿಗೆ ಹೊರಟುಹೋಯಿತು. ಈಗ ಉಳಿದವರು ಬೆರಳೆಣಿಕೆಯಷ್ಟು.

ಮೊದಲು ಬೈತ್ ದಾಕಿರಾಕ್ಕೆ ಹೋಗಿ. ಸಿಮೊನ್ ಅತ್ತಿಯಾಸ್ ಪ್ರಾರ್ಥನಾ ಮಂದಿರವನ್ನು ದುರಸ್ತಿ ಮಾಡಿ ರೂಪಿಸಿದ ನೆನಪಿನ ಮನೆ ಇದು. 2020ರ ಜನವರಿಯಲ್ಲಿ ದೊರೆ ಆರನೇ ಮೊಹಮ್ಮದ್ ಇಲ್ಲಿಗೆ ಬಂದಿದ್ದರು. ಇದೇ ಊರಿನಲ್ಲಿ ಹುಟ್ಟಿ ದೊರೆಯ ಸಲಹೆಗಾರರಾದ ಆಂದ್ರೆ ಅಜುಲೆ ಈ ಕೆಲಸದ ಹಿಂದೆ ನಿಂತವರು. ಆಮೇಲೆ ಮೆಲ್ಲಾದ ಒಳಗಿರುವ ಸ್ಲಾತ್ ಲ್ಕಾಹಾಲ್ ಮಂದಿರ ಮತ್ತು ರಬ್ಬಿ, ಅಂದರೆ ಯಹೂದಿ ಧರ್ಮಗುರು, ಹಾಯಿಮ್ ಪಿಂಟೊ ಅವರ ಮಂದಿರ. ರಬ್ಬಿಯವರ ಸಮಾಧಿ ಬಾಬ್ ದುಕ್ಕಾಲಾದ ಹೊರಗಿನ ಹಳೆಯ ಯಹೂದಿ ಸ್ಮಶಾನದಲ್ಲಿದೆ; ಪ್ರತಿ ವರ್ಷ ಅವರ ಪುಣ್ಯದಿನಕ್ಕೆ ದೇಶವಿದೇಶಗಳಿಂದ ಜನ ಬರುತ್ತಾರೆ. ಮೆಲ್ಲಾದಲ್ಲಿ ಕುಸಿದ ಮನೆಗಳು, ಖಾಲಿ ನಿವೇಶನಗಳು ಬಹಳ. ಅಲ್ಲಿ ಈಗ ಬಡ ಮುಸ್ಲಿಂ ಕುಟುಂಬಗಳು ಬದುಕುತ್ತಿವೆ. ಅವರ ಹೊಸ್ತಿಲಲ್ಲಿ ನಿಂತು ಪಾಳುಗೋಡೆಗಳ ಫೋಟೊ ತೆಗೆಯುವುದು ಸಭ್ಯತೆಯಲ್ಲ.

ಗ್ನಾವಾ ಸಂಗೀತ ಎಲ್ಲಿ ಕೇಳಬಹುದು? ಹಬ್ಬದ ಸಮಯದಲ್ಲೇ ಹೋಗಬೇಕೇ?

1998ರಲ್ಲಿ ಶುರುವಾದ ಗ್ನಾವಾ ಉತ್ಸವ ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ ನಡೆಯುತ್ತದೆ. ಮುಲಾಯ್ ಹಸನ್ ಚೌಕದ ಬಯಲಿನಲ್ಲಿ ನಿಂತು ಕೇಳುವುದು ಉಚಿತ. ಅಷ್ಟು ಸಣ್ಣ ಊರಿಗೆ ಲಕ್ಷಗಟ್ಟಲೆ ಜನ ಬರುವುದರಿಂದ ಕೋಣೆಯನ್ನು ತಿಂಗಳುಗಳ ಮೊದಲೇ ಹಿಡಿದಿಡಬೇಕು. ಉತ್ಸವದ ಹೊರತಾಗಿಯೂ ಸಂಜೆಗಳಲ್ಲಿ ಕೆಫೆಗಳಲ್ಲಿ ಗ್ನಾವಾ ತಂಡಗಳು ಹಾಡುತ್ತವೆ. ಅಬ್ಬರದಲ್ಲಿ ಕೇಳುವುದಕ್ಕಿಂತ ನನಗೆ ಅದೇ ಹೆಚ್ಚು ಇಷ್ಟ.

ಕೇಳುವ ಮೊದಲು ಇದರ ಹಿನ್ನೆಲೆ ತಿಳಿದಿರಲಿ. ಗ್ನಾವಾ ಜನರ ಪೂರ್ವಜರು ಸಹಾರಾದ ದಕ್ಷಿಣದಿಂದ ಗುಲಾಮರಾಗಿ ಬಂದವರು. ಉಷ್ಟ್ರಪಕ್ಷಿಯ ಗರಿ ಬಂದ ದಾರಿಯಲ್ಲೇ ಅವರನ್ನೂ ಕರೆತಂದರು. ಅವರು ತಮ್ಮ ಹಾಡು, ಕುಣಿತ, ದೈವಗಳನ್ನು ಇಸ್ಲಾಮಿನ ಸಂತ ಪರಂಪರೆಯೊಳಗೆ ಬೆಸೆದುಕೊಂಡರು. ಪ್ರವಾದಿಯ ಮೊದಲ ಮುಅಝ್ಝಿನ್, ಅಂದರೆ ನಮಾಜಿಗೆ ಕರೆ ಕೊಡುವವರಾದ, ಬಿಲಾಲ್ ಕೂಡ ಗುಲಾಮಗಿರಿಯಿಂದ ಬಿಡುಗಡೆಯಾದ ಆಫ್ರಿಕ ಮೂಲದವರು. ಅವರ ಹೆಸರಿನ ಸೀದ್ನಾ ಬಿಲಾಲ್ ಜಾವಿಯಾ ಎಂಬ ಆರಾಧನಾ ಸ್ಥಳ ಇದೇ ಊರಿನಲ್ಲಿದೆ. ಮೂರು ತಂತಿಯ ಗಿಂಬ್ರಿ ನುಡಿಸುವ ಹಿರಿಯನೇ ಮಾಲೆಮ್, ಜೊತೆಯವರ ಕೈಯಲ್ಲಿ ಕಬ್ಬಿಣದ ತಾಳಗಳು. ಲೀಲಾ ಎಂಬ ರಾತ್ರಿಯಿಡೀ ನಡೆಯುವ ಆಚರಣೆಯಲ್ಲಿ ಒಂದೊಂದು ದೈವಕ್ಕೆ ಒಂದೊಂದು ಬಣ್ಣ, ಒಂದೊಂದು ಧೂಪ, ಒಂದೊಂದು ರಾಗ. ರೋಗಪೀಡಿತರು ಆವೇಶದಲ್ಲಿ ಕುಣಿದು ಹಗುರಾಗುತ್ತಾರೆ. ಈ ಊರಿನವರೇ ಆದ ಮಾಲೆಮ್ ಮಹ್ಮೂದ್ ಗಿನಿಯಾ 2015ರಲ್ಲಿ ತೀರಿಕೊಂಡರು. ಅವರ ಧ್ವನಿಮುದ್ರಣಗಳನ್ನು ಕೇಳಿಕೊಂಡು ಹೋದರೆ ಅಲ್ಲಿ ಕಿವಿ ತಾನೇ ತೆರೆಯುತ್ತದೆ. 2019ರಲ್ಲಿ ಯುನೆಸ್ಕೋ ಗ್ನಾವಾವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಜನರ ಡಮಾಮಿ ಕೇಳಿದವರಿಗೆ ಈ ಕಥೆಯ ಇನ್ನೊಂದು ತುದಿ ಗೊತ್ತಿದೆ. ಆಫ್ರಿಕದಿಂದ ಜನರನ್ನು ಕಿತ್ತು ತಂದ ವ್ಯಾಪಾರ ಪೂರ್ವಕ್ಕೂ ಹರಿದಿತ್ತು, ಉತ್ತರಕ್ಕೂ ಹರಿದಿತ್ತು. ಎರಡೂ ಕಡೆ ಜನ ತಾಳವನ್ನು ಬಿಟ್ಟುಕೊಡಲಿಲ್ಲ. ಲೀಲಾಕ್ಕೆ ಯಾರಾದರೂ ಕರೆದರೆ ಹೋಗಿ, ಮೂಲೆಯಲ್ಲಿ ಕೂತು ನೋಡಿ, ಮೊಬೈಲ್ ಹೊರತೆಗೆಯಬೇಡಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಸಿಗುತ್ತದೆ, ಕೇಳಬೇಕಾದ ರೀತಿಯಲ್ಲಿ ಕೇಳಿದರೆ. ತೊಂದರೆ ಎಲ್ಲಿ ಬರುತ್ತದೆಂದರೆ, ತರಕಾರಿ ತಜೀನ್ (ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಪಲ್ಯ) ಅಥವಾ ಕುಸ್ಕುಸ್ (ಗೋಧಿ ರವೆಯ ಅಡುಗೆ) ಎಂದು ತಂದದ್ದನ್ನು ಮಾಂಸದ ಸಾರಿನಲ್ಲೇ ಬೇಯಿಸಿರಬಹುದು, ಮಾಂಸದ ತುಂಡನ್ನು ಮಾತ್ರ ತೆಗೆದಿಟ್ಟಿರಬಹುದು. ಅವರ ದೃಷ್ಟಿಯಲ್ಲಿ ಅದು ಮೋಸವಲ್ಲ. "ಬ್ಲಾ ಲ್ಹಮ್" ಎಂದರೆ ಮಾಂಸವಿಲ್ಲದೆ, "ಬ್ಲಾ ಹೂತ್" ಎಂದರೆ ಮೀನಿಲ್ಲದೆ. ಸಾರೂ ಬೇಡ ಎಂಬುದನ್ನು ಬಿಡಿಸಿ ಹೇಳಿ. ಹರೀರಾ ಎಂಬ ಸೂಪಿನಲ್ಲಿ ಸಾಮಾನ್ಯವಾಗಿ ಮಾಂಸವಿರುತ್ತದೆ.

ನಂಬಿ ತಿನ್ನಬಹುದಾದವು ಬಹಳ ಇವೆ. ಬಿಸಾರಾ: ಒಣ ಬಾಕಳೆ (ಫಾವಾ) ಕಾಳಿನ ಗಟ್ಟಿ ಸೂಪು, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ, ಚಳಿಗಾಲದ ಬೆಳಿಗ್ಗೆ ಪೇಟೆಯ ಸಣ್ಣ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಜಾಲೂಕ್ ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿಗೆ ಹತ್ತಿರದ ರುಚಿ, ಹುಣಸೆಯ ಬದಲು ಟೊಮೆಟೊ. ತಕ್ತೂಕಾದಲ್ಲಿ ದೊಣ್ಣೆಮೆಣಸು. ಬೆಳಗಿನ ತಿಂಡಿಗೆ ಮಡಿಚಿ ಬೇಯಿಸಿದ ಮ್ಸೆಮೆನ್ ರೊಟ್ಟಿ, ರಂಧ್ರ ರಂಧ್ರವಾದ ಬಗ್ರೀರ್ ದೋಸೆ. ಅವಕ್ಕೆ ಹಚ್ಚಿಕೊಳ್ಳಲು ಅಮ್ಲೂ, ಅಂದರೆ ಹುರಿದ ಬಾದಾಮಿ, ಅರ್ಗಾನ್ ಎಣ್ಣೆ, ಜೇನು ಅರೆದ ಮಿಶ್ರಣ. ಅಮ್ಲೂ ಈ ಸೀಮೆಯದೇ ತಿನಿಸು, ತಪ್ಪಿಸಬೇಡಿ. ಖಾರ ಬೇಕೆನ್ನುವವರು ಚಟ್ನಿಪುಡಿ ಒಯ್ಯಿರಿ. ಇಲ್ಲಿನ ಅಡುಗೆಯಲ್ಲಿ ಪರಿಮಳ ಉಂಟು, ಖಾರವಿಲ್ಲ.

ಮೀನು ತಿನ್ನುವವರಿಗೆ?

ಚೌಕ ಮತ್ತು ಬಂದರಿನ ನಡುವೆ ಸುಟ್ಟ ಮೀನಿನ ಅಂಗಡಿಗಳಿಗೆ ಕೈಹಿಡಿದು ಎಳೆಯುತ್ತಾರೆ. ತೂಕ ಮತ್ತು ಬೆಲೆಯನ್ನು ಸುಡುವ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ. ಇನ್ನೂ ಚೆನ್ನಾದ ದಾರಿ ಸೂಕ್ ಜ್ದೀದ್ ಮಾರುಕಟ್ಟೆಯಲ್ಲಿ ಮೀನು ಕೊಂಡು, ಪಕ್ಕದ ಒಲೆಯವರಿಗೆ ಕೊಟ್ಟು ಸುಡಿಸುವುದು. ಬೂತಾಯಿ ಇಲ್ಲಿನ ಬಡವರ ಮೀನು, ರುಚಿಯಲ್ಲಿ ಎಲ್ಲಕ್ಕಿಂತ ಮೇಲು.

ಅರ್ಗಾನ್ ಎಣ್ಣೆ ಎಲ್ಲಿ ಕೊಳ್ಳಬೇಕು? ಮರದ ಮೇಲಿನ ಮೇಕೆಗಳು ನಿಜವೇ?

ಅರ್ಗಾನ್ ಮರ ಬೆಳೆಯುವುದು ಮುಖ್ಯವಾಗಿ ನೈರುತ್ಯ ಮೊರೊಕ್ಕೋದಲ್ಲಿ. ಈ ಕಾಡು 1998ರಿಂದ ಯುನೆಸ್ಕೋ ಜೀವಗೋಳ ತಾಣ. ಒಂದು ಲೀಟರ್ ಎಣ್ಣೆಗೆ ಸುಮಾರು 30 ಕಿಲೋ ಹಣ್ಣು ಬೇಕು, ಗಟ್ಟಿ ಬೀಜವನ್ನು ಹೆಂಗಸರು ಕಲ್ಲಿನ ಮೇಲಿಟ್ಟು ಒಂದೊಂದಾಗಿ ಒಡೆಯುತ್ತಾರೆ. ಹಾಗಾಗಿ ತೀರ ಅಗ್ಗಕ್ಕೆ ಸಿಕ್ಕಿದರೆ ಅದು ಕಲಬೆರಕೆ. ಹುರಿದ ಬೀಜದ್ದು ಅಡುಗೆಗೆ, ಹುರಿಯದ್ದು ಮೈಗೆ. ಹೆಂಗಸರ ಸಹಕಾರ ಸಂಘಗಳಲ್ಲಿ ಕೊಳ್ಳಿ. ಆದರೆ ರಸ್ತೆಬದಿಯಲ್ಲಿ ಸಹಕಾರ ಸಂಘದ ಫಲಕ ಹಾಕಿಕೊಂಡವೆಲ್ಲ ಸಂಘಗಳಲ್ಲ. ಲಾಭ ಯಾರಿಗೆ ಹೋಗುತ್ತದೆ, ದುಡಿಯುವವರು ಸದಸ್ಯರೇ ಎಂದು ಕೇಳಿದರೆ ಉತ್ತರದಲ್ಲೇ ಗೊತ್ತಾಗುತ್ತದೆ.

ಹಣ್ಣಿನ ಆಸೆಗೆ ಮೇಕೆಗಳು ಮರ ಹತ್ತುವುದು ನಿಜ. ಹೆದ್ದಾರಿ ಪಕ್ಕದ ಒಂದೇ ಮರದಲ್ಲಿ ದಿನವಿಡೀ ಅಲುಗಾಡದೆ ನಿಂತವನ್ನು ಮಾತ್ರ ಫೋಟೊ ಕಾಸಿಗಾಗಿ ಹತ್ತಿಸಿರುತ್ತಾರೆ. ಬಿಸಿಲಿನಲ್ಲಿ ಅವುಗಳ ಪಾಡು ನೋಡಲಾಗದು. ಅಲ್ಲಿ ಕಾರು ನಿಲ್ಲಿಸಬೇಡಿ.

ಥುಯಾ ಮರದ ಪೆಟ್ಟಿಗೆ ತರಬಹುದೇ?

ಊರಿನ ಸ್ಕಾಲಾದ ಕೆಳಗೆ, ಹಿಂದೆ ಮದ್ದುಗುಂಡು ಇಡುತ್ತಿದ್ದ ಕಮಾನು ಕೋಣೆಗಳಲ್ಲಿ ಕುಶಲಕರ್ಮಿಗಳ ಸಾಲು ಅಂಗಡಿಗಳಿವೆ. ಥುಯಾ ಮರದ ಬೇರಿನ ಗಂಟಿನಲ್ಲಿ ಚುಕ್ಕಿ ಚುಕ್ಕಿಯ ವಿನ್ಯಾಸ, ಬಿಡದ ಪರಿಮಳ. ಅದರ ಮೇಲೆ ನಿಂಬೆಮರ, ಕಪ್ಪುಮರ, ಮುತ್ತಿನ ಚಿಪ್ಪು ಕೂರಿಸುವ ಕೆಲಸ ಈ ಊರಿನ ಹೆಮ್ಮೆ. ಗಂಟು ತೆಗೆಯಲು ಬೇರನ್ನೇ ಅಗೆಯಬೇಕು, ಮರ ಉಳಿಯದು. ಕಾಡು ಕರಗಿರುವುದಕ್ಕೆ ಇದೂ ಕಾರಣ. ಹತ್ತು ಅಗ್ಗದ ಸಾಮಾನಿನ ಬದಲು, ಮಾಡಿದವರ ಕೈಯಿಂದಲೇ ಒಂದು ಒಳ್ಳೆಯ ಸಣ್ಣ ಪೆಟ್ಟಿಗೆ ಕೊಳ್ಳಿ.

ಹೆಂಗಸರು ಒಬ್ಬರೇ ಹೋಗಬಹುದೇ? ಉಡುಪು ಹೇಗಿರಬೇಕು?

ಹೋಗಬಹುದು. ಮರ್ರಾಕೆಶ್‌ನ ಪೇಟೆಗಿಂತ ಇಲ್ಲಿ ಕಾಟ ಬಹಳ ಕಡಿಮೆ. ರಾತ್ರಿ ಮೆಲ್ಲಾದ ಕತ್ತಲು ಗಲ್ಲಿಗಳನ್ನೂ ಊರಾಚೆಯ ಖಾಲಿ ದಂಡೆಯನ್ನೂ ಬಿಟ್ಟುಬಿಡಿ. ಭುಜ, ಮಂಡಿ ಮುಚ್ಚುವ ಬಟ್ಟೆ ಸಾಕು. ಸಲ್ವಾರ್ ಕಮೀಜ್ ಗಾಳಿಗೂ ಮರ್ಯಾದೆಗೂ ಸರಿ. ಮಸೀದಿಗಳೊಳಕ್ಕೆ ಮುಸ್ಲಿಮೇತರರಿಗೆ ಪ್ರವೇಶವಿಲ್ಲ. ರಂಜಾನ್ ತಿಂಗಳಲ್ಲಿ ಹಗಲು ಹೋಟೆಲುಗಳು ಕೆಲವೇ ತೆರೆದಿರುತ್ತವೆ, ಬೀದಿಯಲ್ಲಿ ತಿನ್ನಬೇಡಿ.

ಕಡಲಲ್ಲಿ ಈಜಬಹುದೇ?

ಕೊಲ್ಲಿ ಆಳವಿಲ್ಲದ್ದು, ಮಕ್ಕಳಿಗೂ ತಕ್ಕಮಟ್ಟಿಗೆ ಸುರಕ್ಷಿತ, ಆದರೆ ನೀರು ಬೇಸಿಗೆಯಲ್ಲೂ ತಣ್ಣಗೆ. ನಮ್ಮ ಕರಾವಳಿಯ ಬೆಚ್ಚನೆ ನೀರು ನೆನೆದು ಇಳಿಯಬೇಡಿ. ಗಾಳಿಪಟ ಕಟ್ಟಿಕೊಂಡು ಅಲೆಯ ಮೇಲೆ ಜಾರುವ ಕೈಟ್‌ಸರ್ಫಿಂಗ್ ಕಲಿಸುವ ಶಾಲೆಗಳು ದಂಡೆಯಲ್ಲೇ ಇವೆ. ಇನ್ನೂ ದೊಡ್ಡ ಅಲೆ ಬೇಕಾದವರು ದಕ್ಷಿಣದ ಸೀದಿ ಕೌಕಿಗೆ ಹೋಗುತ್ತಾರೆ.

ಜಿಮಿ ಹೆಂಡ್ರಿಕ್ಸ್ ಇಲ್ಲಿ ಬಹಳ ಕಾಲ ಇದ್ದರಂತೆ, ಹೌದೇ?

ಅಮೆರಿಕದ ಈ ರಾಕ್ ಗಿಟಾರ್ ವಾದಕ 1969ರ ಬೇಸಿಗೆಯಲ್ಲಿ ಕೆಲವು ದಿನ ಬಂದಿದ್ದರು, ಅಷ್ಟೇ. ಪಕ್ಕದ ದಿಯಾಬಾತ್ ಹಳ್ಳಿಯ ಮರಳಲ್ಲಿ ಹೂತ ಪಾಳುಕೋಟೆ ನೋಡಿ "ಕ್ಯಾಸಲ್ಸ್ ಮೇಡ್ ಆಫ್ ಸ್ಯಾಂಡ್" ಹಾಡು ಬರೆದರು ಎಂಬ ಕಥೆಯನ್ನು ಹಳ್ಳಿಯ ಕೆಫೆಗಳಲ್ಲಿ ಹೇಳುತ್ತಾರೆ. ಆ ಹಾಡು ಧ್ವನಿಮುದ್ರಣವಾದದ್ದು 1967ರಲ್ಲಿ. ದಿಯಾಬಾತ್‌ಗೆ ನಡೆದು ಹೋಗುವುದಾದರೆ ದಂಡೆಯ ದಾರಿಗಾಗಿ, ಅಲೆ ಬಡಿಯುವ ಬೋರ್ಜ್ ಎಲ್ ಬಾರೂದ್ ಎಂಬ ಕೋಟೆಯ ಅವಶೇಷಕ್ಕಾಗಿ ಹೋಗಿ.

ಭಾಷೆಯ ತೊಂದರೆ ಆಗುತ್ತದೆಯೇ?

ಬೀದಿಯಲ್ಲಿ ದಾರಿಜಾ ಎಂಬ ಆಡುಮಾತಿನ ಅರಬ್ಬಿ, ದಕ್ಷಿಣದ ಹಳ್ಳಿಗಳಿಂದ ಬಂದವರ ಬಾಯಲ್ಲಿ ತಶೆಲ್ಹಿತ್ ಎಂಬ ಬೆರ್ಬರ್ ನುಡಿ, ಅಂಗಡಿಗಳಲ್ಲಿ ಫ್ರೆಂಚ್. ವಸತಿಗೃಹಗಳಲ್ಲಿ ಇಂಗ್ಲಿಷ್ ನಡೆಯುತ್ತದೆ. ಸಲಾಮ್, ಶುಕ್ರನ್, "ಬ್ಶಾಲ್?" (ಎಷ್ಟು?) ಇಷ್ಟು ಬಂದರೆ ಮುಖಗಳು ಅರಳುತ್ತವೆ. ಭಾರತದವರು ಎಂದರೆ ಹಿಂದಿ ಸಿನಿಮಾ ಹಾಡು ಗುನುಗುವ ಹಿರಿಯರು ಸಿಗುತ್ತಾರೆ. ಚಹಾಕ್ಕೆ ಕರೆದರೆ ಕೂರಿ.

ದುಡ್ಡು ಹೇಗೆ ಒಯ್ಯಬೇಕು?

ಮೊರೊಕ್ಕೋದ ದಿರ್ಹಮ್ ಭಾರತದಲ್ಲಿ ಸುಲಭಕ್ಕೆ ಸಿಗದು, ದೇಶದಿಂದ ಹೊರಗೆ ಒಯ್ಯುವುದಕ್ಕೂ ಮಿತಿ ಇದೆ. ಯೂರೋ ಅಥವಾ ಡಾಲರ್ ಒಯ್ದು ಅಲ್ಲಿ ಬದಲಾಯಿಸಿ, ಇಲ್ಲವೇ ಎಟಿಎಂನಿಂದ ತೆಗೆಯಿರಿ. ಒಂದು ದಿರ್ಹಮ್ ಸುಮಾರು 8ರಿಂದ 10 ರೂಪಾಯಿ. ಕುಶಲಕರ್ಮಿಗಳು, ತಳ್ಳುಗಾಡಿಯವರು, ಬಿಸಾರಾ ಅಂಗಡಿಯವರು ಕಾರ್ಡ್ ತೆಗೆದುಕೊಳ್ಳುವುದಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ಹೊರಡುವಾಗ ಉಳಿದ ನೋಟುಗಳನ್ನು ವಿಮಾನ ನಿಲ್ದಾಣದಲ್ಲೇ ಮರುವಿನಿಮಯ ಮಾಡಿಸಿ. ಅದಕ್ಕೆ ಮೊದಲು ಬದಲಾಯಿಸಿದ ರಸೀದಿ ಕೇಳಬಹುದು, ಎಸೆಯದೆ ಇಟ್ಟುಕೊಂಡಿರಿ.